ಬೀಗಿತ್ತಿ ಮನೆಯ ನಿಲುವಂಗಿ

ಮೊಮ್ಮಗ ಬಾರ್ನಬಿಯ ದೀಕ್ಷಾಸ್ನಾನಕ್ಕೆಂದು ನ್ಯೂಕಾಸಲ್‌ಗೆ ಹೋಗಿ ಸ್ಯಾಟಿನ್ ನಿಲುವಂಗಿ ತಂದಿದ್ದೆ. ಅಂಚಿಗೆಲ್ಲ ಪುಟ್ಟ ಮುತ್ತು, ಜೊತೆಗೊಂದು ಟೋಪಿ. ನನ್ನ ಗಂಡ ಸ್ಟ್ಯಾನ್ ನೋಡಿ, "ಹುಡುಗ ದೀಕ್ಷೆ ತಗೋತಾನೋ, ಮದುವೆ ಆಗ್ತಾನೋ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಹುಡುಗನ ಹೆಸರಿನಿಂದ ಹಿಡಿದು ಎಲ್ಲವನ್ನೂ ಸೊಸೆಯ ತವರಿನವರೇ ಆರಿಸಿದ್ದರು. ಆ ಒಂದು ದಿನವಾದರೂ ಅವನ ಮೈಮೇಲೆ ನಮ್ಮ ಕಡೆಯದೊಂದು ಇರಲಿ ಎನ್ನುವುದು ನನ್ನ ಆಸೆ.

ಬೀಗಿತ್ತಿ ರೋಸಲಿಂಡ್ ಮೇಲೆ ನನಗಿರುವುದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಆಕೆ ಶ್ರೀಮಂತಿಕೆಯನ್ನು ಮೆರೆಸುವವಳಾಗಿದ್ದರೆ ಹೇಗೋ ಸಹಿಸಬಹುದಿತ್ತು. ಆಕೆ ತೊಡುವುದು ಮೊಣಕೈ ಹರಿದ ಸ್ವೆಟರ್. ಆ ದೊಡ್ಡ ಕಲ್ಲಿನ ಮನೆಯಲ್ಲಿ ಚಳಿಗೆ ಹಲ್ಲು ಕಟಕಟಿಸುತ್ತದೆ, ಸೋಫಾದ ಮೇಲೆ ನಾಯಿ ಮಲಗಿರುತ್ತದೆ, ಚಹಾ ಬರುವುದು ಅಂಚು ಒಡೆದ ಕಪ್ಪಿನಲ್ಲಿ. ಹೊಸದು ಅಂತ ನಾನು ಅಲ್ಲಿ ನೋಡಿದ್ದು ನಾಯಿಮರಿ ಒಂದನ್ನೇ. ಹಾರ್ಟ್ಲ್‌ಪೂಲ್‌ನ ನಮ್ಮ ಮನೆಗೆ ಯಾರಾದರೂ ಬರುತ್ತಾರೆಂದರೆ ನಾನು ಪರದೆಗಳನ್ನೂ ಒಗೆದು ಹಾಕುತ್ತೇನೆ. ಆದರೂ ಮಗ ಡ್ಯಾರನ್ ರಜೆ ಸಿಕ್ಕಾಗಲೆಲ್ಲ ಹೆಂಡತಿ ಮಗುವನ್ನು ಕರೆದುಕೊಂಡು ಓಡುವುದು ಅಲ್ಲಿಗೇ. ಬಂದ ಮೇಲೆ ವಾರಗಟ್ಟಲೆ ಅವರ ಹಾಗೆಯೇ ಮಾತಾಡುತ್ತಾನೆ.

ದೀಕ್ಷಾಸ್ನಾನವೂ ಅವರ ಊರಿನ ಚರ್ಚಿನಲ್ಲೇ. ಬೆಳಿಗ್ಗೆ ಅವರ ಅಡುಗೆಮನೆಯ ಮೇಜಿನ ಮೇಲೆ ನನ್ನ ನಿಲುವಂಗಿಯನ್ನು ಬಿಚ್ಚಿಟ್ಟೆ.

"ಎಷ್ಟು ಮುದ್ದಾಗಿದೆ ಗ್ಲೆಂಡಾ! ನಿಮ್ಮದು ದೊಡ್ಡ ಮನಸ್ಸು" ಎಂದಳು ರೋಸಲಿಂಡ್.

ಬೇಡ ಎಂದು ಅದರ ಅರ್ಥ. ಆ ಜನ ಬೇಡ ಎನ್ನುವುದೇ ಹಾಗೆ.

ಆಮೇಲೆ ಮಹಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹಳದಿ ತಿರುಗಿದ, ಅಲ್ಲಲ್ಲಿ ತೇಪೆ ಹಾಕಿದ ಹತ್ತಿಯ ನಿಲುವಂಗಿ. "ನಮ್ಮ ಮುತ್ತಜ್ಜೀದು. ನಾನೂ ಇದರೊಳಗೇ ಕಿರುಚಿದ್ದು, ಹ್ಯಾರಿಯೆಟ್ಟೂ ಇದರೊಳಗೇ ಕಿರುಚಿದ್ದು" ಎಂದಳು.

"ಬ್ಲೀಚ್‌ನಲ್ಲಿ ನೆನೆಸಿಟ್ರೆ ಬೆಳ್ಳಗಾಗುತ್ತೆ" ಎಂದೆ.

ಸೊಸೆ ಹ್ಯಾರಿಯೆಟ್, ಮಗುವನ್ನೇ ನೆನೆಸಿಡೋಣ ಎಂದೆನೇನೋ ಎನ್ನುವಂತೆ ನೋಡಿದಳು.

ನಾನು ಹುಟ್ಟಿದಾಗ ನಮ್ಮ ಬೀದಿಗೆಲ್ಲ ಒಂದೇ ನಿಲುವಂಗಿ ಇತ್ತಂತೆ. ಯಾರ ಮನೆಯಲ್ಲಿ ಮಗುವಾದರೂ ಅದು ಅಲ್ಲಿಗೆ ಹೋಗುತ್ತಿತ್ತು. ಬೀದಿಯ ಹಳೇ ಮನೆಗಳನ್ನೆಲ್ಲ ಕೆಡವಿದಾಗ ಅದು ಯಾರ ಮನೆಯಲ್ಲಿತ್ತೋ, ಎಲ್ಲಿ ಹೋಯಿತೋ. ಒಂದು ಬಟ್ಟೆ ಉಳಿಯಬೇಕಾದರೆ ಮೊದಲು ಮನೆ ಉಳಿಯಬೇಕು.

ತೊಡಿಸಲು ಹೋದರೆ ಪೆಟ್ಟಿಗೆಯ ಆ ಹಳೇ ನಿಲುವಂಗಿ ಬಾರ್ನಬಿಗೆ ಆಗಲಿಲ್ಲ. ಹಿಂದಿನವರು ಹುಟ್ಟಿದ ಕೆಲವೇ ವಾರಕ್ಕೆ ದೀಕ್ಷೆ ಕೊಡಿಸುತ್ತಿದ್ದರು. ಇವನೋ ಆಗಲೇ ನಿಲ್ಲಲು ನೋಡುವ ಗುಂಡಣ್ಣ. ತೋಳು ಹೇಗೋ ತೂರಿತು, ಬೆನ್ನು ಅಗಲವಾಗಿ ಬಾಯಿ ಬಿಟ್ಟುಕೊಂಡಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ರೋಸಲಿಂಡ್‌ಗೆ ಅದು ಲೆಕ್ಕಕ್ಕೇ ಇಲ್ಲ. "ಬೆನ್ನನ್ನ ಯಾರು ನೋಡ್ತಾರೆ? ಶಾಲು ಹೊದಿಸಿ ಪಿನ್ ಹಾಕಿದ್ರಾಯ್ತು."

ಕಂಕುಳಲ್ಲಿ ಬಟ್ಟೆ ಬಿಗಿದು ಮಗು ಕೆಂಪಗಾಗಿ ಅಳತೊಡಗಿತು. ಡ್ಯಾರನ್ ಮೆಲ್ಲಗೆ, "ಅಮ್ಮಾ, ನೀನು ತಂದಿದ್ದನ್ನೇ ಹಾಕೋಣ್ವಾ?" ಎಂದ.

"ಡ್ಯಾರನ್, ಇದು ನಮ್ಮಜ್ಜಿ ಹಾಕ್ಕೊಂಡಿದ್ದು" ಎಂದಳು ಹ್ಯಾರಿಯೆಟ್. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಎಲ್ಲರೂ ನನ್ನನ್ನೇ ನೋಡಿದರು. ಹೂಂ ಎಂದಿದ್ದರೆ ಆಗುತ್ತಿತ್ತು, ಗೆದ್ದುಬಿಡುತ್ತಿದ್ದೆ. ಆದರೆ ಆ ದಿನದ ಫೋಟೋ ನೋಡಿದಾಗಲೆಲ್ಲ ಸೊಸೆಗೆ ನನ್ನ ಹೂಂ ನೆನಪಾಗುತ್ತಿತ್ತು. ಮಗುವನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬರಬೇಕಾದವಳು ಅವಳು. ಮುನಿಸಿಕೊಂಡವಳು ಯಾಕೆ ಬಂದಾಳು?

"ಸೂಜಿ ದಾರ, ಕತ್ತರಿ ತಗೊಂಬಾ" ಎಂದೆ ಅವಳಿಗೆ.

ಹೊಲಿಗೆ ಕಾರ್ಖಾನೆ ಬಾಗಿಲು ಹಾಕುವವರೆಗೂ ಅಲ್ಲೇ ದುಡಿದವಳು ನಾನು. ನನ್ನ ನಿಲುವಂಗಿಯ ಕೆಳಗಿನ ಘೇರಿಗೆ ಕತ್ತರಿ ಹಾಕಿದೆ.

"ಅಯ್ಯೋ, ಏನೇ ಮಾಡ್ತಿದ್ದೀಯಾ!" ಎಂದ ಸ್ಟ್ಯಾನ್.

"ಬಾಯ್ಮುಚ್ಕೊಂಡು ಮಗೂನ ಹಿಡ್ಕೊ."

ರೋಸಲಿಂಡ್ ಮೊದಲ ಸಲ ಗಾಬರಿಯಾದಳು. "ಗ್ಲೆಂಡಾ, ಹಳೇದಕ್ಕೆ ಏನೂ ಆಗಲ್ಲ ತಾನೇ?"

"ಹಳೇದಕ್ಕೆ ಕತ್ತರಿ ಸೋಕಿಸಲ್ಲ. ನಿಮಗೆ ಬೇಕಾದ್ರೆ ನಾಳೆ ಬಿಚ್ಚಬಹುದು" ಎಂದೆ. ಬಿಚ್ಚುವುದಾದರೆ ಒಂದು ಹಗಲು ಪೂರ್ತಿ ಕೂರಬೇಕು, ಅಷ್ಟು ಸಣ್ಣ ಹೊಲಿಗೆ ಹಾಕಿದೆ. ಬೆನ್ನಿನ ಎರಡು ಅಂಚುಗಳ ನಡುವೆ ಬಿಳಿ ಸ್ಯಾಟಿನ್ ಪಟ್ಟಿ ಕೂತಿತು. ಬಾರ್ನಬಿ ಕೈ ಬೀಸಿದ, ಉಸಿರಾಡಿದ, ಅಜ್ಜನ ಮೂಗು ಹಿಡಿದ.

ಚರ್ಚಿನಲ್ಲಿ ಪಾದ್ರಿ ನೀರು ಹಾಕುವಾಗ ಎಲ್ಲರೂ ಮಗುವಿನ ಮುಖ ನೋಡಿದರು. ನಾನು ಬೆನ್ನನ್ನೇ ನೋಡುತ್ತಿದ್ದೆ.

ಅವರ ಮನೆಗೆ ವಾಪಸ್ ಬಂದು ಕೇಕ್ ಕತ್ತರಿಸಿದ ಮೇಲೆ ಹ್ಯಾರಿಯೆಟ್ ನಿಲುವಂಗಿಯನ್ನು ಮಡಿಸುತ್ತಿದ್ದಳು. ರೋಸಲಿಂಡ್, "ಆ ಪಟ್ಟಿ ಬಿಚ್ಚಿ ಗ್ಲೆಂಡಾಗೇ ಕೊಟ್ಬಿಡೋಣ, ಪಾಪ" ಎಂದಳು.

"ಬೇಡಮ್ಮ. ಅದು ಹಾಗೇ ಇರ್ಲಿ" ಎಂದಳು ಹ್ಯಾರಿಯೆಟ್. ತಾಯಿಗೆ ಅವಳು ನೇರವಾಗಿ ಬೇಡ ಎಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರೋಸಲಿಂಡ್ ಪೆಟ್ಟಿಗೆ ಮುಚ್ಚಿ, ಎದೆಗವಚಿಕೊಂಡು ಮಹಡಿ ಹತ್ತಿದಳು. ಗೆದ್ದೆ ಅಂದುಕೊಂಡಿದ್ದ ನನಗೆ, ನನ್ನ ಬಟ್ಟೆಯೂ ಅವಳ ಮನೆಗೇ ಸೇರಿತಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.