ಒಂದು ಹನಿಯೂ ಬೀಳಬಾರದ ಬೇಸಿನ್ನು

"ಏಯ್ ಅಜುಮ್ಮಾ, ಗುಡಿಸೋಳೇ! ಆ ನಲ್ಲಿ ಮುಟ್ಟೀಯಾ ನೋಡು, ಕೈ ಮುರ್ದು ಬಕೀಟ್ಗೆ ಹಾಕ್ಬುಡ್ತೀನಿ!"

ಮೇಸ್ತ್ರಿ ಪ್ಯೋ ವಾರ್ಡಿನ ಆ ತುದಿಯಿಂದ ಕೂಗಿದ ಏಟಿಗೆ ದೊಕ್ಸಿಮ್ ಕಾದ ಬಾಣಲೆ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಮಲಗಿದ್ದ ರೋಗಿಗಳು ತಲೆಯೆತ್ತಿ ನೋಡಿದರು.

"ಕಿಟಕಿ ಪಕ್ಕದ ಅಜ್ಜನ ಹೇಲ್ ಬಾಚಿ ಬಂದೆ ಮೇಸ್ತ್ರಿ. ಗ್ಲೌಸು ಬೆರಳ ಹತ್ರ ಹರ್ದೋಗಿತ್ತು, ಒಳೀಕೆ..."

"ಹರ್ದೋಗಿದ್ರೆ ನಾನೇನ್ ಕೂತ್ಕೊಂಡು ಹೊಲ್ಕೊಡ್ಲಾ? ಗುರುವಾರ ತಪಾಸಣೆಯವ್ರು ಬರ್ತಾರೆ ಅಂತ ಎಷ್ಟ್ ಸಲ ಬಡ್ಕೊಳ್ಳೋದು? ಅಲ್ಲೀಗಂಟ ಈ ಬೇಸಿನ್ನಲ್ಲಿ ಒಂದ್ ಹನಿ ನೀರ್ ಕಾಣಂಗಿಲ್ಲ. ನೆಲಮಾಳಿಗೆಗೋಗಿ ಮಾಪ್ ತೊಳೆಯೋ ತೊಟ್ಟೀಲಿ ತೊಳ್ಕೊ, ಹೋಗು."

"ಐದ್ ಮಹಡಿ ಇಳೀಬೇಕು. ಲಿಫ್ಟೂ ಹತ್ತಬ್ಯಾಡ್ರಿ ಅಂದಿದ್ದೀರ."

"ಇಳಿ. ತೊಡೆ ಕರಗ್ತದೆ."

ಪ್ಯೋ ತನ್ನ ಮಾತಿಗೆ ತಾನೇ ನಕ್ಕು, ಜೇಬಿನಿಂದ ಕರವಸ್ತ್ರ ತೆಗೆದು, ಅವಳ ಬೆರಳು ತಾಗಿದ್ದ ಜಾಗವನ್ನು ಉಸಿರೂದಿ ಒರೆಸಿದ. ಆಮೇಲೆ ತಿಂಡಿಯ ತಟ್ಟೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬೇಸಿನ್ನಿನ ಬಾಯಿಗೆ ಬಿಗಿಯಾಗಿ ಎಳೆದು ಅಂಟಿಸಿದ.

ಬೇಸಿನ್ನು ಹೊಸದು. ದಕ್ಷಿಣ ಕೊರಿಯಾದ ಗುನ್ಸಾನ್ ಊರಿನ ಆ ಆಸ್ಪತ್ರೆ ಸೋಂಕನ್ನು ಹೇಗೆ ತಡೆಯುತ್ತಿದೆ ಎಂದು ನೋಡಲು ರಾಜಧಾನಿ ಸೋಲ್‌ನಿಂದ ತಪಾಸಣೆಯವರು ಬರುತ್ತಾರೆಂದು ಗೊತ್ತಾದ ಮೇಲೆ ಐದನೇ ಮಹಡಿಯ ಬಾಗಿಲಲ್ಲೇ ಅದನ್ನು ಕೂಡಿಸಿದ್ದರು. ಉದ್ದ ಹಿಡಿಯ ನಲ್ಲಿ, ಮೊಣಕೈಯಿಂದ ತಳ್ಳಿದರೂ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಹಲ್ಲುಪೇಸ್ಟು ಹಚ್ಚಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದವಳು ದೊಕ್ಸಿಮ್‌ಳೇ. ಮೇಲೆ ಗೋಡೆಯಲ್ಲಿ ನೊರೆಗೈಯ ಡಾಕ್ಟರೊಬ್ಬ ನಗುತ್ತಿರುವ ಚಿತ್ರ. ಅದರಡಿ, 'ಇಲ್ಲಿ ದುಡಿಯುವ ಪ್ರತಿಯೊಬ್ಬರ ಕೈಯೂ ಶುಚಿ.' ಮೀನು ಮಾರುಕಟ್ಟೆಯ ಹಿಂದಿನ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತದ್ದು ದೊಕ್ಸಿಮ್‌ಗೆ ಐವತ್ತು ದಾಟಿದ ಮೇಲೆ. ಹಾಗಾಗಿ ಏನು ಓದಿದರೂ ಅವಳಿಗೆ ಅನುಮಾನ. 'ಪ್ರತಿಯೊಬ್ಬರ' ಎಂಬುದನ್ನು ಬೆರಳಿಟ್ಟು ಮತ್ತೊಮ್ಮೆ ಕೂಡಿಸಿ ಓದಿದಳು. ಸರಿಯಾಗಿಯೇ ಇತ್ತು. ತಾನೇ ಏನೋ ತಪ್ಪು ತಿಳಿದಿರಬೇಕು ಎಂದುಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಂದಿನ ಹಾಸಿಗೆಯ ಕಡೆ ನಡೆದಳು. ಐದು ಮಹಡಿ ಇಳಿದು ಹತ್ತುವಷ್ಟರಲ್ಲಿ ಪ್ಯೋ ಅರ್ಧ ದಿನದ ಕೂಲಿ ಮುರಿಯುತ್ತಿದ್ದ.

*

ಐದನೇ ಮಹಡಿಗೆ ಭೇದಿ ಬಿದ್ದಿತ್ತು. ಮೊದಲು ಕಿಟಕಿ ಪಕ್ಕದ ಅಜ್ಜ, ಆಮೇಲೆ ಎದುರು ಹಾಸಿಗೆಯ ಟ್ಯಾಕ್ಸಿ ಡ್ರೈವರು, ಆಮೇಲೆ ಒಬ್ಬ ನರ್ಸು. ತಪಾಸಣೆ ತಲೆಯ ಮೇಲೆ ಕೂತಿರುವಾಗ ಇದೇನು ಗ್ರಹಚಾರ ಎಂದು ಸೋಂಕು ವಿಭಾಗದ ಡಾಕ್ಟರ್ ಹಾಮ್ ಗುಡಿಸುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠಕ್ಕೆ ಶುರುವಿಟ್ಟರು.

"ಈ ಭೇದಿಗೆ ಬರೀ ಕೈಗೆ ಹಚ್ಚೋ ಜೆಲ್ ಸಾಲದು. ಸೋಪು, ನೀರು ಬೇಕೇ ಬೇಕು. ಈಗ ಹೇಳಿ, ಕೈ ಯಾವಾಗ ತೊಳೀಬೇಕು?"

ಹಿಂದಿನಿಂದ ಮಾಲ್ಜಾ ಹೇಳಿದಳು, "ನೀರ್ ಸಿಕ್ಕಿದಾಗ ಡಾಕ್ಟ್ರೇ."

ಹೆಂಗಸರು ಕಿಸಕ್ಕೆಂದರು. ಮಾಲ್ಜಾ ಇರುವುದೇ ಹಾಗೆ. ಮೂರು ವರ್ಷದಿಂದ ದೊಕ್ಸಿಮ್‌ಳ ಜೋಡಿ. ಒಬ್ಬಳು ಗುಡಿಸಿದರೆ ಇನ್ನೊಬ್ಬಳು ಒರೆಸಬೇಕು. ಸಮುದ್ರದಂಚಿನ ಹಳ್ಳಿಯಲ್ಲಿ ಸಿಂಪಿ ಒಡೆದು ಬೆಳೆದ ಕೈ, ಈಗ ಬ್ಲೀಚು ಕುಡಿದು ಕುಡಿದು ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. ಬಾಯಿಗೆ ಮಾತ್ರ ಬಿರುಕಿರಲಿಲ್ಲ.

ಡಾಕ್ಟರ್ ಹಾಮ್ ನಗಲಿಲ್ಲ. "ಬನ್ನಿ ನೀವೇ. ಮುಂದೆ ಬನ್ನಿ."

ನರ್ಸಮ್ಮ ಅವಳ ಅಂಗೈಗೆ ಏನೋ ಮುಲಾಮು ಸವರಿದಳು. ಮಾಲ್ಜಾ ಅದನ್ನು ತೊಳೆದು ಬಂದು ಕರಿ ಪೆಟ್ಟಿಗೆಯೊಳಗೆ ಕೈ ಇಡಬೇಕು. ಒಳಗೆ ನೇರಳೆ ದೀಪವಿತ್ತು. ಸರಿಯಾಗಿ ತೊಳೆಯದ ಜಾಗ ಹೊಳೆಯುತ್ತದಂತೆ. ಮಾಲ್ಜಾ ನೆಲಮಾಳಿಗೆಗೆ ಇಳಿದು, ತೊಟ್ಟಿಯಲ್ಲಿ ತೊಳೆದು, ಏದುಸಿರು ಬಿಡುತ್ತ ಹತ್ತಿ ಬರುವವರೆಗೆ ಎಲ್ಲರೂ ಕಾದರು. ಪ್ಲಾಸ್ಟಿಕ್ ಹೊದ್ದ ಬೇಸಿನ್ನು ಅವರ ಬೆನ್ನ ಹಿಂದೆಯೇ ಇತ್ತು. ಅದರ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಪೆಟ್ಟಿಗೆಯೊಳಗೆ ಅವಳ ಕೈ ಧಗಧಗ ಹೊಳೆಯಿತು. ಬಿರುಕು ಬಿರುಕಿನಲ್ಲೂ ನೀಲಿ ಬೆಳಕು ಹರಿದು ಕೂತಿತ್ತು.

"ಅಬ್ಬಬ್ಬಾ, ನೋಡ್ರೇ!" ಎಂದಳು ಮಾಲ್ಜಾ. "ಚುಸೊಕ್ ಹಬ್ಬದ ಹುಣ್ಣಿಮೆ ಚಂದ್ರ ನನ್ ಅಂಗೈಗೇ ಇಳ್ದವ್ನೆ!"

ಈ ಸಲ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಡಾಕ್ಟರು ದೀಪ ಆರಿಸಿದರು.

"ನಗಿ. ಚೆನ್ನಾಗಿ ನಗಿ. ಐದನೇ ಮಹಡಿಗೆಲ್ಲ ಭೇದಿ ಹಂಚ್ತಿರೋದು ಈ ಕೈ." ಪ್ಯೋನ ಕಡೆ ತಿರುಗಿದರು. "ತಪಾಸಣೆ ಮುಗಿದ ತಕ್ಷಣ ಇವರನ್ನ ಕಳಿಸಿಬಿಡಿ. ಸೋಂಕಿನ ಮೂಲ ಪತ್ತೆಯಾಯ್ತು, ತೆಗೆದುಹಾಕ್ತಿದ್ದೇವೆ ಅಂತ ತಪಾಸಣೆಯವರಿಗೆ ಹೇಳಬಹುದು."

"ಆಗ್ಲಿ ಸಾರ್, ಆಗ್ಲಿ ಸಾರ್," ಎಂದು ಪ್ಯೋ ಸೊಂಟ ಬಗ್ಗಿಸಿದ. ಡಾಕ್ಟರು ಅತ್ತ ಹೋದದ್ದೇ ತಡ, "ಹಲ್ ಕಿರೀತೀಯಾ ಮುಂಡೆ? ಕಿರಿ ಈಗ. ಗುರುವಾರ ಮಧ್ಯಾಹ್ನಕ್ಕೆ ನಿನ್ ಗಂಟು ಕಟ್ಟು," ಎಂದ.

ಉಳಿದವರ ಕೈಯನ್ನು ಪೆಟ್ಟಿಗೆಗೆ ಇಡಿಸಲೇ ಇಲ್ಲ. ಒಂದು ಕೈ ಸಿಕ್ಕಿತಲ್ಲ, ಸಾಕಾಗಿತ್ತು.

*

ಮೆಟ್ಟಿಲ ಕೆಳಗಿನ ಗೂಡು ಅವರ ಊಟದ ಮನೆ. ತಲೆಯೆತ್ತಿದರೆ ಕಾಂಕ್ರೀಟು ಬಡಿಯುತ್ತದೆ, ಮೇಲೆ ಡಾಕ್ಟರುಗಳ ಬೂಟು ಟಕಟಕ ಹತ್ತಿ ಇಳಿಯುತ್ತವೆ. ಕೂರಲು ರಟ್ಟಿನ ಹಾಸು. ನೀರಿನ ನಲ್ಲಿ ಇಲ್ಲ. ಮನೆಯಿಂದ ತಂದ ಅನ್ನ, ಹುಳಿ ಕೋಸಿನ ಕಿಮ್ಚಿ, ಹುದುಗಿಸಿದ ಸೋಯಾ ಕಾಳಿನ ದ್ವೆಂಜಾಂಗ್ ಚಟ್ನಿ, ಒಂದು ಕಟ್ಟು ಹಸಿ ಎಲೆ.

"ಇನ್ನೆರಡೇ ದಿನ ನನ್ ಜತೆ ಉಣ್ಣೋದು, ಇವತ್ತೊಳ್ಳೆ ಎಲೆ ತಂದಿವ್ನಿ ಅಕ್ಕ," ಎಂದು ಮಾಲ್ಜಾ ಒದ್ದೆ ಕಾಗದದಿಂದ ಬೆರಳು ಒರೆಸಿಕೊಂಡಳು. ಕಾಗದ ಕಂದುಬಣ್ಣಕ್ಕೆ ತಿರುಗಿತು. ಅಂಗೈ ಮೇಲೆ ಎಲೆ ಹರವಿ, ಅನ್ನವಿಟ್ಟು, ಚಟ್ನಿ ಸವರಿ, ಬೆಳ್ಳುಳ್ಳಿ ಎಸಳೊಂದನ್ನು ಸಿಕ್ಕಿಸಿ ಉಂಡೆ ಕಟ್ಟಿದಳು. ಮೊದಲ ಉಂಡೆ ಯಾವತ್ತೂ ಜೋಡಿಯವಳ ಬಾಯಿಗೆ. ಮೂರು ವರ್ಷದಲ್ಲಿ ಅದು ತಪ್ಪಿರಲಿಲ್ಲ. "ಬಾಯ್ತೆಗಿ. ದೊಡ್ಡದೈತೆ, ದವಡೆ ಜ್ವಾಪಾನ."

ದೊಕ್ಸಿಮ್ ಬಾಯಿ ತೆರೆಯಲು ಹೋದಳು. ಕಿಟಕಿ ಪಕ್ಕದ ಅಜ್ಜನ ಹಾಸಿಗೆ ಕಣ್ಣೆದುರು ಬಂತು. ಆಮೇಲೆ ನೀಲಿಯಾಗಿ ಹೊಳೆದ ಬಿರುಕುಗಳು. ತುಟಿ ತಾನೇ ಮುಚ್ಚಿಕೊಂಡಿತು.

ಉಂಡೆ ಗಾಳಿಯಲ್ಲೇ ನಿಂತಿತು.

"ಅಕ್ಕಾ?"

"ಹಸಿವಿಲ್ಲ ಕಣೆ. ಬೆಳಿಗ್ಗೆ ಗಂಜಿ ಜಾಸ್ತಿ ಕುಡ್ದೆ, ಅದ್ಕೇ..."

ಮಾಲ್ಜಾ ಅವಳ ಮುಖ ನೋಡಿದಳು. ತನ್ನ ಕೈ ನೋಡಿಕೊಂಡಳು. ಉಂಡೆಯನ್ನು ಡಬ್ಬಿಯ ಮುಚ್ಚಳದ ಮೇಲೆ ಮೆಲ್ಲಗೆ ಇಟ್ಟಳು.

"ನಿಂಗೂನಾ?" ಎಂದಳು. "ಆ ಹಾಮ್ ಅಂದ, ಬುಡು, ಅವ್ನ ಬಾಯಿ. ಪ್ಯೋ ನನ್ಮಗ ಅಂದ, ಅವ್ನ ಹುಟ್ಟೇ ಅಂಗೆ. ನಿಂಗೂ ಅಸಹ್ಯ ಆಗೋಯ್ತಾ ನನ್ ಕೈ?"

"ನಿನ್ ಕೈ ಅಲ್ಲ ಕಣೇ. ನಂದೂ ಅಂಗೇ ಐತೆ. ನಮ್ಮೆಲ್ಲರ್ದೂ..."

"ಅಂದ್ರೆ ಡಾಕ್ಟ್ರು ಹೇಳಿದ್ದು ದಿಟ."

ದಿಟವೇ ಇರಬಹುದೆಂದು ದೊಕ್ಸಿಮ್‌ಗೂ ಅನ್ನಿಸಿತ್ತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೇಲು ಬಾಚಿದ ಕೈ ಹೇಲಿನದಾಗಿರದೆ ಇನ್ನೇನಾಗಿರುತ್ತದೆ? ತೊಳೆಯಲು ಬಿಡದವರು ಯಾರು? ಈ ಮಾತನ್ನು ಯಾರ ಹತ್ತಿರವಾದರೂ ಸರಿಯಾಗಿ ಹೇಳಬೇಕು ಎಂದುಕೊಂಡಳು. ಹೇಗೆ ಹೇಳುವುದು, ಯಾವ ಮಾತಿನಿಂದ ಶುರುಮಾಡುವುದು, ಮಧ್ಯೆ ನಾಲಗೆ ತೊದಲಿದರೆ ಏನು ಗತಿ ಎಂದು ಲೆಕ್ಕ ಹಾಕುತ್ತಲೇ ಊಟದ ಹೊತ್ತು ಮುಗಿಯಿತು. ಉಂಡೆ ಮುಚ್ಚಳದ ಮೇಲೆಯೇ ಬಾಡಿತು.

*

ಗುರುವಾರ ಪ್ಯೋ ಟೈ ಕಟ್ಟಿಕೊಂಡು ಬಂದಿದ್ದ. ಹೆಂಗಸರನ್ನೆಲ್ಲ ಮೆಟ್ಟಿಲ ಕೆಳಗೆ ತುರುಕಿ, "ಯಾವಳಾದ್ರೂ ತಲೆ ಆಚೆ ಹಾಕುದ್ರೆ ಹುಷಾರ್. ಕೆಮ್ಮಲೂ ಕೂಡ್ದು," ಎಂದ. ಮೇಲೆ ಹೋಗಿ ಬೇಸಿನ್ನಿನ ಪ್ಲಾಸ್ಟಿಕ್ಕನ್ನು ಮದುಮಗಳ ಮುಸುಕು ಸರಿಸುವ ಹಾಗೆ ತೆಗೆದ.

ಗೂಡಿನಲ್ಲಿ ಮಾಲ್ಜಾ ತನ್ನ ಚಪ್ಪಲಿ, ಡಬ್ಬಿ, ಹಳೇ ಸ್ವೆಟರು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಲೆ ಬೂಟುಗಳು ಹತ್ತಿದವು, ಹೊಸ ಬೂಟುಗಳು, ಬಹಳ ಇದ್ದವು.

"ನಾನು ಕೈ ತೊಳ್ಕೊಂಡ್ ಬತ್ತೀನಿ," ಎಂದಳು ದೊಕ್ಸಿಮ್.

"ನೆಲಮಾಳಿಗೆ ಬೀಗ ಹಾಕವ್ನೆ ಅಕ್ಕ."

"ನೆಲಮಾಳಿಗೇಲಲ್ಲ."

ಹೇಳಬೇಕಾದ ಮಾತುಗಳನ್ನು ಅವಳು ರಾತ್ರಿಯೆಲ್ಲ ಉರು ಹೊಡೆದಿದ್ದಳು. ಮೂರನೇ ಮಹಡಿಗೆ ಬರುವಷ್ಟರಲ್ಲಿ ಅರ್ಧ ಮರೆತಿದ್ದಳು, ಐದನೆಯದಕ್ಕೆ ಪೂರ್ತಿ. ಬೇಸಿನ್ನಿನ ಮುಂದೆ ಬೂದು ಕೋಟಿನ ತಪಾಸಣೆಯ ಹೆಂಗಸು, ಅವಳ ಜೊತೆಯವರು, ಡಾಕ್ಟರ್ ಹಾಮ್, ಕಂಬದ ಮರೆಯಲ್ಲಿ ಪ್ಯೋ. ಡಾಕ್ಟರು ಅಂಗಿಯ ತೋಳು ಮಡಚುತ್ತ, "ನಮ್ಮಲ್ಲಿ ಇದು ಅಭ್ಯಾಸವೇ ಆಗಿಬಿಟ್ಟಿದೆ. ಈಗ ನಾನೇ ತೋರಿಸ್ತೀನಿ," ಎನ್ನುತ್ತಿದ್ದರು.

ದೊಕ್ಸಿಮ್ ಅವರ ತೋಳಿನಡಿ ತೂರಿ ಮುಂದೆ ಬಂದು, ಗುಲಾಬಿ ಗ್ಲೌಸು ಕಿತ್ತು ಕಸದ ಡಬ್ಬಕ್ಕೆ ಹಾಕಿ, ಮೊಣಕೈಯಿಂದ ನಲ್ಲಿ ತಳ್ಳಿದಳು. ಬಿಸಿನೀರು! ಬಿಸಿನೀರೂ ಬರುತ್ತಿತ್ತು ಆ ನಲ್ಲಿಯಲ್ಲಿ. ಅವಳಿಗೆ ಭಯದ ನಡುವೆಯೂ ಸುಖವೆನಿಸಿತು.

"ಇವರು...?" ಎಂದಳು ತಪಾಸಣೆಯ ಹೆಂಗಸು.

"ನಮ್ಮ... ನಮ್ಮ ಸ್ವಚ್ಛತಾ ಸಿಬ್ಬಂದಿ," ಎಂದರು ಡಾಕ್ಟರು. ಮುಖದ ನಗು ಮಾತ್ರ ಅಲ್ಲೇ ಅಂಟಿಕೊಂಡಿತ್ತು.

"ಭೇದಿ ವಾರ್ಡಲ್ಲಿ ಗುಡಿಸೋಳಮ್ಮ ನಾನು," ಎಂದಳು ದೊಕ್ಸಿಮ್, ಸೋಪು ಹಚ್ಚುತ್ತ. ಉರು ಹೊಡೆದದ್ದು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದಳು. "ಈ ಬೇಸಿನ್ ಕೂಡಿಸಿದ್ ಮೇಲೆ ಇದ್ರಲ್ಲಿ ಕೈ ತೊಳೀತಿರೋಳು ನಾನೇ ಮೊದ್ಲು."

ಪ್ಯೋ ಕಂಬದ ಮರೆಯಿಂದಲೇ ಹಲ್ಲು ಕಚ್ಚಿ ಪಿಸುಗುಟ್ಟಿದ, "ಬಾರೇ ಈಚೆಗೆ, ಬೇವರ್ಸಿ! ಬಾರೇ!"

"ತಡೀರಿ ಮೇಸ್ತ್ರಿ, ಉಗುರ್ ಸಂದಿ ಆಗಿಲ್ಲ," ಎಂದು ಅವಳು ಜೋರಾಗಿಯೇ ಹೇಳಿದಳು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಸರಬರ ಸದ್ದು. ಮಾಲ್ಜಾ ಮುಂದೆ, ಹಿಂದೆ ಉಳಿದವರೆಲ್ಲ. ಯಾರೂ ಕರೆದಿರಲಿಲ್ಲ. ಕರೆಯುವಷ್ಟು ಧೈರ್ಯ ದೊಕ್ಸಿಮ್‌ಗೆ ಇರಲೂ ಇಲ್ಲ. ಬ್ಯಾಂಕಿನಲ್ಲಿ ನಿಂತ ಹಾಗೆ ಸಾಲುಗಟ್ಟಿ ಒಬ್ಬೊಬ್ಬರೇ ಗ್ಲೌಸು ಬಿಚ್ಚಿದರು. ಡಾಕ್ಟರ್ ಹಾಮ್ ಒಂದು ಹೆಜ್ಜೆ ಮುಂದಿಟ್ಟರು.

"ಹಿಂದ್ಗಡೆ ಬನ್ನಿ ಡಾಕ್ಟ್ರೇ," ಎಂದಳು ಮಾಲ್ಜಾ. "ಸಾಲೈತೆ."

ತಪಾಸಣೆಯ ಹೆಂಗಸು ಪೆನ್ನಿನ ಮುಚ್ಚಳ ತೆಗೆದಳು, ಬರೆಯಲಿಲ್ಲ. ಡಾಕ್ಟರು ಮಡಚಿದ ತೋಳು ಹಾಗೇ ಹಿಡಿದು ಸಾಲಿನ ಕೊನೆಯಲ್ಲಿ ನಿಂತರು. ಹೆಂಗಸರು ಅವಸರ ಮಾಡಲಿಲ್ಲ. ಅಂಗೈ ಉಜ್ಜಿದರು, ಮುಂಗೈ ಉಜ್ಜಿದರು, ಮೊಣಕೈವರೆಗೂ ನೊರೆ ಏರಿಸಿದರು. ಬೇಸಿನ್ನಿನ ಸುತ್ತ ನೀರು ಚೆಲ್ಲಿ, ಹೊಳೆಯುವ ನೆಲದ ಮೇಲೆ ಹರಿದು, ಡಾಕ್ಟರ ಬೂಟಿನ ತುದಿಯವರೆಗೆ ಬಂತು.

"ಅಮ್ಮಾ," ಎಂದರು ಡಾಕ್ಟರ್ ಹಾಮ್, ಆದಷ್ಟೂ ಮೆತ್ತಗೆ. "ಯಾರಾದ್ರೂ ಜಾರಿ ಬೀಳ್ತಾರೆ. ನೆಲ ಸ್ವಲ್ಪ ಒರೆಸಿಬಿಡ್ತೀರಾ?"

ಮಾಪು ಗೋಡೆಗೆ ಒರಗಿ ನಿಂತಿತ್ತು, ಕೈಗೆ ಸಿಗುವಷ್ಟು ಹತ್ತಿರ. ದೊಕ್ಸಿಮ್ ಅದರ ಕಡೆ ನೋಡಿದಳು. ಇಷ್ಟು ವರ್ಷದ ಅಭ್ಯಾಸಕ್ಕೆ ಬೆರಳು ತಾನಾಗಿಯೇ ಮಿಡುಕಿತು. ಎರಡೂ ಕೈಗಳನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದುಕೊಂಡಳು.

"ಆಗಲ್ಲ ಡಾಕ್ಟ್ರೇ. ಕೈ ತೊಳ್ಕೊಂಡಿವ್ನಿ."

ಅವಳ ಪಕ್ಕದವಳೂ ಕೈ ಎತ್ತಿದಳು. ಅವಳ ಪಕ್ಕದವಳೂ. ಕೆಂಪಗೆ ಬೆಂದ ಕೈಗಳು ಸಾಲಾಗಿ ಮೇಲೆದ್ದು ನಿಂತವು. ನೀರು ಮೊಣಕೈಗಳಿಂದ ತೊಟ್ಟಿಕ್ಕುತ್ತಲೇ ಇತ್ತು. ಟೈ ಕಟ್ಟಿದ ಪ್ಯೋ ಕಂಬದ ಮರೆಯಿಂದ ಹೊರಬಂದು, ಒಮ್ಮೆ ಮಾಪನ್ನೂ ಒಮ್ಮೆ ಡಾಕ್ಟರನ್ನೂ ನೋಡುತ್ತ ನಿಂತ.

ಮಾಲ್ಜಾ ಇನ್ನೂ ಬೇಸಿನ್ನು ಬಿಟ್ಟಿರಲಿಲ್ಲ. ನೀರು ಭೋರ್ಗರೆಯುವಂತೆ ಮೊಣಕೈಯಿಂದ ನಲ್ಲಿಯ ಹಿಡಿಯನ್ನು ಕೊನೆಯವರೆಗೂ ತಳ್ಳಿದಳು.