ಜುರೆಮಾ ದಡದಲ್ಲಿ ನಿಲ್ಲಲಿಲ್ಲ

ನನ್ನ ತಂಗಿ ಬ್ರೈಡ್ ಮನೆಯಲ್ಲಿ ಒಂದು ವರ್ಷ ಇದ್ದ ಹುಡುಗಿ ಜುರೆಮಾ. ಬ್ರೆಜಿಲ್‌ನವಳು, ಅಮೆಜಾನ್ ನದಿ ಕಡಲು ಸೇರುವ ಕಡೆಯವಳು. ಅಲ್ಲಿ ಕಡಲಜೀವಿಗಳ ಬಗ್ಗೆ ಓದುತ್ತಿದ್ದವಳು ವರ್ಷದ ಮಟ್ಟಿಗೆ ನಮ್ಮ ನ್ಯೂಫೌಂಡ್‌ಲ್ಯಾಂಡಿನ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ಬ್ರೈಡ್ ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆಯವಳು. ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಸಂಜೆ ಒಟ್ಟಿಗೆ ಬರುತ್ತಿದ್ದರು.

ಬಂದ ಹೊಸತರಲ್ಲಿ ನಮ್ಮ ಮಾತು ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

“ಮಾಮಾ, ನೀವು ಮಾತಾಡ್ತಿರೋದು ಇಂಗ್ಲಿಷೇ ತಾನೇ?” ಅಂತ ಒಂದು ದಿನ ಕೇಳಿದಳು.

“ನಮ್ಮಪ್ಪ ಹಾಗಂತ ಹೇಳಿಯೇ ಕಲಿಸಿದ್ದು” ಅಂದೆ.

ಬ್ರೈಡ್ ಅಡುಗೆಮನೆಯಲ್ಲಿ ದೋಣಿಗಳ ರೇಡಿಯೋ ಸದಾ ಗೊರಗೊರ ಅನ್ನುತ್ತಿರುತ್ತದೆ. ಗಂಡ ಮೀನಿಗೆ ಹೋಗುತ್ತಿದ್ದ ಕಾಲದ ಅಭ್ಯಾಸ. ಜುರೆಮಾ ಅದರ ಮುಂದೆ ಚಹಾ ಹಿಡಿದು ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಿದ್ದಳು. ತಪ್ಪಿದ್ದನ್ನು ಬ್ರೈಡ್ ತಿದ್ದುತ್ತಿದ್ದಳು. ಹಿಮ ಕರಗುವ ಹೊತ್ತಿಗೆ ನಮ್ಮವರ ಬೈಗುಳವೂ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಮೇ ತಿಂಗಳಲ್ಲಿ ಅವರ ತರಗತಿಗೆ ಕಡಲ ಪಾಠ. ಎಂಟು ವಿದ್ಯಾರ್ಥಿಗಳು, ಆರು ದಿನ. ದೋಣಿ ನನ್ನದು. ಪಾಠ ಮಾಡುವವರು ಟೊರಾಂಟೊ ಕಡೆಯ ಪ್ರೊಫೆಸರ್ ಹಾರ್ಟ್‌ವೆಲ್. ಕಡಲಲ್ಲಿ ಎಲ್ಲರೂ ಸರದಿಯಂತೆ ರೇಡಿಯೋ ಕೇಳಬೇಕು, ನೀರಿನ ಮಾದರಿ ಎತ್ತಬೇಕು. ಅವರು ಅಂಟಿಸಿದ ಪಟ್ಟಿಯಲ್ಲಿ ಜುರೆಮಾ ಹೆಸರಿನ ಮುಂದೆ ಆರು ದಿನಕ್ಕೂ ಒಂದೇ ಕೆಲಸ: ದಡದಲ್ಲಿ ಬಾಟಲಿ ತೊಳೆಯುವುದು.

“ಕಾರಣ ಏನಂತೆ?” ಅಂತ ಆ ಸಂಜೆ ಕೇಳಿದೆ.

“ನನ್ನ ಇಂಗ್ಲಿಷ್ ಸಾಲದಂತೆ. ಅಪಾಯ ಬಂದ್ರೆ ರೇಡಿಯೋದವರು ಹೇಳಿದ್ದು ನನಗೆ ಅರ್ಥ ಆಗಲ್ವಂತೆ.”

“ನಾನೊಂದು ಮಾತು ಹೇಳ್ಲಾ?”

“ಬೇಡ ಮಾಮಾ. ನೀವು ಹೇಳಿದ್ದಕ್ಕೆ ಹತ್ತಿಸ್ಕೊಂಡ್ರು ಅಂತಾಗುತ್ತೆ. ನನ್ನಜ್ಜಿ ಶಾಲೆ ಮಕ್ಕಳನ್ನ ದೋಣೀಲಿ ನದಿ ದಾಟಿಸ್ತಿದ್ಲು. ನಡೆಯೋಕೆ ಮೊದಲೇ ನಾನು ದೋಣೀಲಿ ಕೂತಿದ್ದೆ. ನಾನೇ ಮಾತಾಡ್ತೀನಿ.”

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತೇಲುವ ಕೋಟು ತೊಟ್ಟು, ದೋಣಿ ಹತ್ತುವ ಹಲಗೆಯ ಪಕ್ಕ ನಿಂತಿದ್ದಳು. ಹಾರ್ಟ್‌ವೆಲ್ ಬಂದವರೇ, “ಜುರೆಮಾ, ಪಟ್ಟಿ ನೋಡ್ಲಿಲ್ವಾ?” ಅಂದರು.

“ನೋಡ್ದೆ, ಪ್ರೊಫೆಸರ್. ನನ್ನ ಸರದಿ ಬಂದ ದಿನ ತೊಳೀತೀನಿ. ಆರು ದಿನವೂ ನನ್ನದೇ ಸರದಿ ಆಗೋದು ಹೇಗೆ?”

“ಇದರಲ್ಲಿ ಅವಮಾನ ಏನಿಲ್ಲಮ್ಮ. ಸುರಕ್ಷತೆ ವಿಷಯ.”

“ಹಾಗಾದ್ರೆ ಪರೀಕ್ಷೆ ಮಾಡಿ. ನನಗೊಬ್ಬಳಿಗೇ ಅಲ್ಲ, ಎಂಟು ಜನಕ್ಕೂ. ರೇಡಿಯೋ ಹಾಕಿ, ಕೇಳಿದ್ದನ್ನ ಬರೀತೀವಿ. ನನ್ನದು ತಪ್ಪಾದ್ರೆ ಬ್ರಷ್ ಕೊಡಿ, ತಗೋತೀನಿ.”

ಉಳಿದವರು ಮುಖ ಮುಖ ನೋಡಿಕೊಂಡರು. ಹಾರ್ಟ್‌ವೆಲ್ ಗಡಿಯಾರ ನೋಡಿಕೊಂಡು, “ಐದೇ ನಿಮಿಷ” ಅಂದರು.

ನನ್ನ ದಾಯಾದಿ ಸಿರಿಲ್ ಆಗಲೇ ಕಡಲಲ್ಲಿದ್ದ. ರೇಡಿಯೋದಲ್ಲಿ ಕೂಗಿ, ಅಲ್ಲಿ ಹೇಗಿದೆ ಅಂತ ಕೇಳಿದೆ. ಸಿರಿಲ್ ಬಾಯಲ್ಲಿ ಹಲ್ಲು ಕಮ್ಮಿ, ಆತುರ ಜಾಸ್ತಿ. ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಒಬ್ಬ ‘ಮಂಜು’ ಅಂತ ಬರೆದಿದ್ದ. ಇನ್ನೊಬ್ಬಳು ‘ಗಾಳಿ, ಏನೋ, ದ್ವೀಪ, ಏನೋ’ ಅಂತ. ಜುರೆಮಾ ತನ್ನ ಚೀಟಿ ಓದಿದಳು: “ದ್ವೀಪದ ಉತ್ತರಕ್ಕೆ ದೊಡ್ಡ ಹಿಮಗಡ್ಡೆ ಒಡೆದಿದೆ. ಚೂರುಗಳು ನೀರಿನ ಮಟ್ಟಕ್ಕೇ ಇವೆ, ಕಣ್ಣಿಗೆ ಬೀಳಲ್ಲ. ಪೂರ್ವದಿಂದ ಸುತ್ಕೊಂಡು ಬನ್ನಿ. ಮಧ್ಯಾಹ್ನ ಗಾಳಿ ತಿರುಗುತ್ತೆ. ಲಿಯಾಂಡರ್, ನೀನು ನನ್ನ ಏಣಿ ಇನ್ನೂ ವಾಪಸ್ ಕೊಟ್ಟಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಏಣಿಗೆ ಮೊದಲು ಒಂದು ಮಾತು ಅಂದ್ರು ಮಾಮಾ, ಅದನ್ನ ಬರೀಲಿಲ್ಲ” ಅಂದಳು.

“ಅಕ್ಷರ ಅಕ್ಷರ ಸರಿ, ಏಣಿಯೂ ಸೇರಿ” ಅಂದೆ.

ಹಾರ್ಟ್‌ವೆಲ್ ಮುಖ ಕೆಂಪಾಯಿತು. “ಆ ಮನುಷ್ಯ ಮಾತಾಡಿದ್ದು ಇಂಗ್ಲಿಷ್ ಅಂತ ಹೇಳೋದೇ ಕಷ್ಟ.”

“ಈ ಕಡಲಲ್ಲಿ ಮುಳುಗಿದ್ರೆ ಎತ್ತೋಕೆ ಬರೋರು ಅವರೇ, ಪ್ರೊಫೆಸರ್. ಟೊರಾಂಟೊದವರಲ್ಲ. ನಿಮಗೆಷ್ಟು ತಿಳೀತು?” ಅಂದಳು ಜುರೆಮಾ.

ಹಾರ್ಟ್‌ವೆಲ್ ಪೆನ್ನು ತೆಗೆದು, “ಸರಿ, ಇವತ್ತಿಗೆ ದೋಣಿ ಹತ್ತು” ಅಂದರು.

ಅವಳು ಹತ್ತಲಿಲ್ಲ. “ಇವತ್ತಿಗೆ ಮಾತ್ರ ಅಂದ್ರೆ ನಾಳೆನೂ ಇಲ್ಲೇ ನಿಂತಿರ್ತೀನಿ. ಎಲ್ಲರಿಗೂ ಸರದಿ ಹಾಕಿ.”

ನಾನು ಎಂಜಿನ್ ಆಫ್ ಮಾಡಿ, ಕೈಕಟ್ಟಿ ಕೂತೆ. ಹಾರ್ಟ್‌ವೆಲ್ ಹಳೆಯ ಪಟ್ಟಿ ಹೊಡೆದುಹಾಕಿ, ಅಲ್ಲೇ ಮೀನಿನ ಪೆಟ್ಟಿಗೆಯ ಮೇಲೆ ಹೊಸದು ಬರೆದರು. ಜುರೆಮಾ ಅದನ್ನು ಎರಡು ಸಲ ಓದಿ, ಆಮೇಲೆ ಹಲಗೆಯ ಮೇಲೆ ಕಾಲಿಟ್ಟಳು. ನಾಲ್ಕನೇ ದಿನ ಅವಳ ಸರದಿ. ತುಟಿಪಿಟಕ್ಕೆನ್ನದೆ ಬಾಟಲಿ ತೊಳೆದಳು.

ಆದರೂ ಫಲಿತಾಂಶ ಬಂದಾಗ ‘ಸಂವಹನ’ ಅನ್ನುವ ಭಾಗದಲ್ಲಿ ಅವಳಿಗೇ ಎಲ್ಲರಿಗಿಂತ ಕಮ್ಮಿ. ಅವಳು ಅಳಲಿಲ್ಲ. ಬ್ರೈಡ್ ಮನೆಯ ಮೇಜಿನ ಮುಂದೆ ಕೂತು ಡೀನ್‌ಗೆ ನಾಲ್ಕು ಪುಟ ದೂರು ಬರೆದಳು, ಹೊಡೆದುಹಾಕಿದ ಪಟ್ಟಿಯ ಫೋಟೋ ಜೊತೆಗಿಟ್ಟಳು. ನಾನೂ ಸಾಕ್ಷಿ ಹಾಕಿದೆ.

ಜೂನ್‌ನಲ್ಲಿ ಅವಳು ಊರಿಗೆ ಹೋದ ಮೇಲೆ, ಆಗಸ್ಟ್‌ನಲ್ಲಿ ಬ್ರೈಡ್ ವಿಳಾಸಕ್ಕೆ ಉತ್ತರ ಬಂತು. ಅಂಕ ಒಂದು ದರ್ಜೆ ಏರಿಸಿದ್ದರು. ಕ್ಷಮೆಯ ಮಾತಿರಲಿಲ್ಲ. ಬ್ರೈಡ್ ಫೋನಿನಲ್ಲಿ ಓದಿ ಹೇಳಿದಾಗ ನಾನೂ ಪಕ್ಕದಲ್ಲೇ ಇದ್ದೆ.

“ಒಂದೇ ದರ್ಜೆನಾ?” ಅಂದಳು ಜುರೆಮಾ. “ನಾನು ಕೇಳಿದ್ದು ಎರಡು. ಪತ್ರಕ್ಕೆ ಸಹಿ ಹಾಕಿದವರ ಹೆಸರು ಹೇಳು ಬ್ರೈಡ್, ಬರ್ಕೋತೀನಿ.”