ಚೋಮಿಯತ್ತೆಯ ಗೆರೆ

ಪೊನ್ನಂಪೇಟೆ ಸುತ್ತಿನ ಒಕ್ಕಗಳ, ಅಂದರೆ ಮನೆತನಗಳ, ಹಾಕಿ ಪಂದ್ಯ ನಾಳೆಯೇ. ರಶ್ಮಿತಾಳ ಕಂಪ್ಯೂಟರ್ ಮಾತ್ರ ಹಟ ಹಿಡಿದು ಕೂತಿತ್ತು. ಯಾರು ಯಾವ ಮನೆತನದ ತಂಡಕ್ಕೆ ಎಂಬ ಜಗಳ ಪ್ರತಿವರ್ಷ ಇದ್ದದ್ದೇ. ಅದಕ್ಕೊಂದು ಮದ್ದು ಅರೆಯುತ್ತೇನೆಂದು ಹೊರಟವಳು ಇವಳೇ. ಕಂಪ್ಯೂಟರಿನಲ್ಲೊಂದು ನಕ್ಷೆ: ಒಬ್ಬೊಬ್ಬರಿಗೂ ಒಂದು ಚುಕ್ಕಿ, ನಂಟಿಗೊಂದು ಗೆರೆ, ಆಡುವ ತಂಡಕ್ಕೊಂದು ಗೆರೆ. ಪ್ರತಿ ಒಕ್ಕವೂ ತನ್ನ ಪ್ರತಿಯಲ್ಲಿ ತಿದ್ದಬಹುದು, ಕೊನೆಗೆ ಎಲ್ಲವನ್ನೂ ಕೂಡಿಸುವುದು ಅವಳ ಕೆಲಸ. ಯಾರು ಏನು ತಿದ್ದಿದರೂ ಹಿಂದಕ್ಕೆ ತೆಗೆಯಬಹುದು, ಹಳೆಯದು ಅಳಿಯದು, ತಿದ್ದಿದವರ ಹೆಸರೂ ಮರೆಯಾಗದು.

ಉಳಿದವರದೆಲ್ಲ ಸಲೀಸಾಗಿ ಕೂಡಿತು, ಚೋಮಿಯತ್ತೆಯದೊಂದು ಕೂಡಲಿಲ್ಲ. ರಶ್ಮಿತಾಳ ಅಪ್ಪ ಮುತ್ತ ತನ್ನ ಅಕ್ಕನ ಗೆರೆಯನ್ನು ತವರಿನ ತಂಡಕ್ಕೆ ಎಳೆದಿದ್ದ. ಅತ್ತೆಯ ಗಂಡ ಗಿರಿಮಾವ ತನ್ನ ತಂಡಕ್ಕೆ ಎಳೆದಿದ್ದ. ಮದುವೆಯಾದ ಹೆಣ್ಣು ಯಾವ ಕಡೆಗಾದರೂ ಆಡಬಹುದು, ಆದರೆ ಒಂದೇ ಕಡೆಗೆ. ಸಾಲದ್ದಕ್ಕೆ ಮೊದಲ ಪಂದ್ಯವೇ ಈ ಎರಡು ಮನೆಗಳ ನಡುವೆ! ಮಧ್ಯಾಹ್ನದೊಳಗೆ ಇತ್ಯರ್ಥವಾಗದಿದ್ದರೆ ಅತ್ತೆ ಎರಡೂ ತಂಡದಿಂದ ಹೊರಗೆ. ಅವಳಂಥ ಗೋಲ್‌ಕೀಪರ್ ಇಡೀ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ರಶ್ಮಿತಾ ಗಿರಿಮಾವನನ್ನು ಮನೆಗೇ ಕರೆಸಿದಳು. ಜಗಲಿಯಲ್ಲಿ ಕಾಫಿ ಆರಿತು, ಮಾತು ಬಿಸಿಯಾಯಿತು.

"ಭಾವ, ಅಕ್ಕ ಸ್ಟಿಕ್ ಹಿಡಿಯೋಕೆ ಕಲಿತದ್ದೇ ನಮ್ಮ ಗದ್ದೇಲಿ!" ಎಂದ ಮುತ್ತ.

"ಕಲಿತದ್ದು ಎಲ್ಲಾದ್ರೂ ಇರ್ಲಿ ಮಾರಾಯ, ಅವಳ ಪ್ಯಾಡ್ ಒಣಗ್ತಾ ಇರೋದು ನಮ್ಮ ಕಾಫಿ ಕಣದಲ್ಲಿ!"

ಒಬ್ಬ ಮೊಬೈಲಿನಲ್ಲಿ ಗೆರೆ ಎಳೆದರೆ ಇನ್ನೊಬ್ಬ ತಿದ್ದಿದ. ಆಹಾ, ಮದುವೆಗೆ ಬಂದ ಮಕ್ಕಳಿರುವ ಗಂಡಸರು! "ಅಪ್ಪನ ಪರ ಒಂದು ಬಟನ್ ಒತ್ತು ಮಗಳೇ," ಎಂದು ಮುತ್ತ ಮೆಲ್ಲಗೆ ಪುಸಲಾಯಿಸಿದ. ಅವಳಿಗೆ ಆಸೆಯೂ ಆಯಿತು, ಸುಳ್ಳೇಕೆ. ಆದರೆ ಒತ್ತಿದವರ ಹೆಸರು ಅಲ್ಲೇ ಕೂರುತ್ತದಲ್ಲ. ಇದುವರೆಗೆ ಯಾರ್‍ಯಾರ ಹೆಸರು ಕೂತಿದೆ ಎಂದು ನೋಡಿದಳು. ಮುತ್ತ, ಗಿರಿ, ಮುತ್ತ, ಗಿರಿ. ಅಷ್ಟುದ್ದದ ಪಟ್ಟಿಯಲ್ಲಿ ಚೋಮಿ ಎಂಬ ಹೆಸರು ಒಮ್ಮೆಯೂ ಇರಲಿಲ್ಲ.

"ಅಯ್ಯೋ ದೇವರೇ, ಅತ್ತೆಯನ್ನ ಯಾರಾದ್ರೂ ಕೇಳಿದ್ರಾ?"

ಇಬ್ಬರೂ ಆರಿದ ಕಾಫಿಗೆ ಕೈ ಹಾಕಿದರು.

ಫೋನ್ ಮಾಡಿದ್ದೇ ತಡ, ಅತ್ತೆ ಸ್ಕೂಟರಿನಲ್ಲಿ ಬಂದಿಳಿದಳು. "ಕೋಣಗಳೆರಡು ಕಾದಾಡಿದ್ರೆ ಗಿಡಕ್ಕೆ ಕುತ್ತಂತೆ. ನಾನು ಗಿಡ ಅಲ್ಲ, ತಿಳೀತಾ? ರಶ್ಮಿ, ಎಲ್ಲಿ ಒತ್ಬೇಕು?" ಎಂದವಳೇ ತನ್ನ ಗೆರೆಯನ್ನು ಗಂಡನ ತಂಡಕ್ಕೆ ಎಳೆದಳು.

ಮುತ್ತನ ಮುಖ ಸಪ್ಪಗಾಯಿತು. "ನಾವು ಬೇಡವಾದ್ವಾ ಅಕ್ಕ?"

"ಥೂ ಪೆದ್ದ! ಇಷ್ಟು ವರ್ಷ ನಿನ್ನ ಬೆನ್ನಿಗೆ ನಿಂತು ಗೋಲ್ ಕಾದೆ. ಒಂದ್ಸಲ ನಿನ್ನ ಎದುರು ನಿಲ್ಬೇಕು ಅಂತ ಎಷ್ಟು ಆಸೆ ಗೊತ್ತಾ ನಂಗೆ!"

ಮರುದಿನ ಪಂದ್ಯ ಸಮಸಮ ನಿಂತಿತ್ತು. ಕೊನೆಯ ಗಳಿಗೆಯಲ್ಲಿ ಮುತ್ತನಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಎದುರಿಗೆ ಅಕ್ಕ ಒಬ್ಬಳೇ. ಚಿಕ್ಕಂದಿನಿಂದ ಮಾಡುತ್ತಿದ್ದಂತೆ ಬಲಕ್ಕೆ ನೋಡಿ ಎಡಕ್ಕೆ ಹೊಡೆದ. ಅತ್ತೆ ಆಗಲೇ ಅದೇ ಬದಿಗೆ ಹಾರಿಯಾಗಿತ್ತು. ಚೆಂಡು ಪ್ಯಾಡಿಗೆ ಬಡಿದು ಹೊರಗೆ ಹೋಯಿತು.

ಮುತ್ತ ಹುಲ್ಲಿನ ಮೇಲೆ ಕುಕ್ಕರಿಸಿದ. ಗೆರೆಯಾಚೆ ಕೂತಿದ್ದ ರಶ್ಮಿತಾಳತ್ತ ತಿರುಗಿ, "ಮಗಳೇ, ಇದನ್ನೂ ಹಿಂದಕ್ಕೆ ತೆಗೆಯೋಕಾಗುತ್ತಾ?" ಎಂದ.

"ಆಗಲ್ಲ!" ಗೋಲಿನಿಂದಲೇ ಅತ್ತೆ ಕೂಗಿದಳು. "ಹೊಡೆದದ್ದು ಯಾರು ಅಂತ ಹೆಸರೂ ಹಾಕು ರಶ್ಮಿ, ಎಂದಿಗೂ ಅಳಿಯಬಾರದು!"